ಗಾಬ್ಲಿನ್ ವ್ಯಾಲಿ: ದಾರಿಯಲ್ಲೇ ಇರುವಾಗ ನೋಡದೆ ಮುಂದೆ ಹೋಗುವುದೇ?

ತಿರುಗಾಲ ತಿಪ್ಪಿ:
ಅಕ್ಟೋಬರ್ ಕೊನೆಯ ವಾರ ಅಮೆರಿಕದ ಯೂಟಾ ರಾಜ್ಯವನ್ನು ಕಾರಿನಲ್ಲಿ ಸುತ್ತುವ ಯೋಚನೆ ಇದೆ. ಸಾಲ್ಟ್ ಲೇಕ್ ಸಿಟಿಯಲ್ಲಿ ವಿಮಾನ ಇಳಿದು ಮೊದಲು ಮೋಆಬ್, ಅಲ್ಲಿ ಆರ್ಚಸ್ ರಾಷ್ಟ್ರೀಯ ಉದ್ಯಾನ, ಆಮೇಲೆ ಕ್ಯಾಪಿಟಲ್ ರೀಫ್ ಎಂಬ ಇನ್ನೊಂದು ರಾಷ್ಟ್ರೀಯ ಉದ್ಯಾನ. ನಕ್ಷೆಯಲ್ಲಿ ಈ ಎರಡರ ನಡುವೆ ಗಾಬ್ಲಿನ್ ವ್ಯಾಲಿ ಎಂಬ ರಾಜ್ಯ ಉದ್ಯಾನ ಕಾಣುತ್ತಿದೆ. ಗಾಬ್ಲಿನ್ ಎಂದರೆ ಕುಳ್ಳ ಭೂತವಂತೆ, ಅಲ್ಲಿನ ಗುಂಡು ಕಲ್ಲುಗಳು ಹಾಗೆ ಕಾಣುತ್ತವಂತೆ. ಚಿತ್ರಗಳನ್ನು ನೋಡಿ ನನಗಂತೂ ಆಸೆಯಾಗಿದೆ. ನಮ್ಮ ಯಜಮಾನರು ಮಾತ್ರ “ಆರ್ಚಸ್‌ನಲ್ಲಿ ಕಲ್ಲು ನೋಡಿ ಬಂದಮೇಲೆ ಮತ್ತೆ ಕಲ್ಲು ನೋಡಲು ಅರ್ಧ ದಿನ ಹಾಳು ಮಾಡಬೇಕೇ?” ಎನ್ನುತ್ತಿದ್ದಾರೆ.

ಜೊತೆಗೆ ಅತ್ತೆ ಬರುತ್ತಾರೆ, ಅವರಿಗೆ ಮಂಡಿನೋವು. ಎಂಟು ವರ್ಷದ ಮಗನಿದ್ದಾನೆ, ಅವನು ಒಂದು ಕಡೆ ನಿಲ್ಲುವವನಲ್ಲ. ಹೋಗಿಬಂದವರು ಹೇಳಿ: ಅದು ಅಷ್ಟು ದೂರದ ಸುತ್ತು ಹೌದೇ? ಅತ್ತೆಗೆ ನೋಡಲು ಸಾಧ್ಯವೇ? ಮಗು ಆ ಕಲ್ಲುಗಳ ಮೇಲೆ ಹತ್ತಬಹುದೇ?

ಮುಂಗೋಪಿ:
ಹೋಗಿ. ಕೇಳುತ್ತ ಕೂತರೆ ರಜೆಯೇ ಮುಗಿಯುತ್ತದೆ.

ಹೆದ್ದಾರಿ 24:
ಮೊದಲು ನಕ್ಷೆಯ ವಿಷಯ ಇತ್ಯರ್ಥ ಮಾಡಿಬಿಡೋಣ. ನಿಮ್ಮ ಯಜಮಾನರು ಅರ್ಧ ದಿನದ ಲೆಕ್ಕವನ್ನು ಎಲ್ಲಿಂದ ತಂದರೋ ತಿಳಿಯದು. ಮೋಆಬ್‌ನಿಂದ ಕ್ಯಾಪಿಟಲ್ ರೀಫ್‌ಗೆ ಹೋಗುವ ಮಾಮೂಲು ದಾರಿ ಎಂದರೆ ಅಂತರರಾಜ್ಯ ಹೆದ್ದಾರಿ 70ರಲ್ಲಿ ಗ್ರೀನ್ ರಿವರ್ ಊರನ್ನು ದಾಟಿ, 149ನೇ ನಿರ್ಗಮನದಲ್ಲಿ ಇಳಿದು, ರಾಜ್ಯ ಹೆದ್ದಾರಿ 24 ಹಿಡಿದು ದಕ್ಷಿಣಕ್ಕೆ ಹೋಗುವುದು. ಆ 24ರಲ್ಲಿ ಸುಮಾರು 24 ಮೈಲಿ ಹೋದರೆ ಬಲಕ್ಕೆ ಟೆಂಪಲ್ ಮೌಂಟನ್ ರಸ್ತೆ. ಅಲ್ಲಿಂದ ಉದ್ಯಾನಕ್ಕೆ ಹನ್ನೆರಡು ಮೈಲಿ, ಪೂರ್ತಿ ಡಾಂಬರು. ಹೋಗಿ ಬಂದರೆ ಇಪ್ಪತ್ನಾಲ್ಕು ಮೈಲಿ ಹೆಚ್ಚಾಗುತ್ತದೆ, ಅಷ್ಟೇ. ಇದನ್ನು ಸುತ್ತು ಎನ್ನುವುದಕ್ಕಿಂತ ದಾರಿಯ ಮಗ್ಗುಲು ಎನ್ನುವುದು ಸರಿ.

24ಕ್ಕೆ ತಿರುಗಿದ ಮೇಲೆ ಬಲಗಡೆ ಉದ್ದಕ್ಕೂ ವಾಲಿ ನಿಂತ ಕಲ್ಲಿನ ಗೋಡೆ ಜೊತೆಯಲ್ಲೇ ಬರುತ್ತದೆ. ಅದು ಸ್ಯಾನ್ ರಫೆಲ್ ರೀಫ್. ಚಾಲಕರು ಅದನ್ನೇ ನೋಡುತ್ತ ರಸ್ತೆ ಮರೆಯಬಾರದು.

ಪೆಟ್ರೋಲ್ ಗ್ರೀನ್ ರಿವರ್‌ನಲ್ಲೇ ತುಂಬಿಸಿಕೊಳ್ಳಿ. ಅದು ಬಿಟ್ಟರೆ ಮುಂದಿನ ಊರು ಹ್ಯಾಂಕ್ಸ್‌ವಿಲ್. ನಡುವೆ ಏನೂ ಇಲ್ಲ, ಉದ್ಯಾನದಲ್ಲೂ ಇಲ್ಲ. ಊಟವನ್ನೂ ಕಟ್ಟಿಕೊಂಡೇ ಹೋಗಬೇಕು.

ಬಿಸಿಲುಕುದುರೆ:
ಎಲ್ಲರೂ ಹೊಗಳುತ್ತೀರಿ, ಒಬ್ಬನಾದರೂ ಬೇರೆ ಮಾತು ಹೇಳಬೇಕಲ್ಲ. ನನಗೆ ಅಲ್ಲಿ ಅರ್ಧ ಗಂಟೆಗೇ ಸಾಕಾಯಿತು. ಕಂದು ಬಣ್ಣದ ಗುಂಡು ಕಲ್ಲುಗಳು, ತಟ್ಟೆಯಲ್ಲಿ ತಿರುವಿ ಇಟ್ಟ ಮುದ್ದೆಗಳ ಹಾಗೆ, ಸಾಲು ಸಾಲು. ಗಾಳಿ ಕೆತ್ತಿದ ಶಿಲ್ಪ ಎಂದು ಕವಿತ್ವ ಬೇರೆ. ಒಂದು ಮರದ ನೆರಳಿಲ್ಲ. ಆರ್ಚಸ್‌ನ ಡೆಲಿಕೇಟ್ ಆರ್ಚ್ ಎಂಬ ಕಲ್ಲಿನ ಕಮಾನು ನೋಡಿದಾಗ ಎದೆ ತುಂಬಿದಂತೆ ಇಲ್ಲಿ ಆಗಲಿಲ್ಲ.

ಎರಡು ಮಕ್ಕಳ ತಾಯಿ:
ಯಾವ ತಿಂಗಳು, ಎಷ್ಟು ಹೊತ್ತಿಗೆ ಹೋಗಿದ್ದಿರಿ?

ಬಿಸಿಲುಕುದುರೆ:
ಜುಲೈ. ಮಧ್ಯಾಹ್ನ ಒಂದು ಗಂಟೆ.

ಎರಡು ಮಕ್ಕಳ ತಾಯಿ:
ಜುಲೈ ಮಧ್ಯಾಹ್ನ ಒಂದು ಗಂಟೆಗೆ ನಮ್ಮನ್ನು ಸ್ವರ್ಗಕ್ಕೆ ಕರೆದುಕೊಂಡು ಹೋದರೂ ಅರ್ಧ ಗಂಟೆಗೆ ಸಾಕಾಗುತ್ತದೆ.

ಮುಂಗೋಪಿ:
ಅದಕ್ಕೇ ಅವರು ಬಿಸಿಲುಕುದುರೆ.

ಚಾರಣಿಗ:
ತಮಾಷೆ ಬಿಟ್ಟು ಹೇಳುವುದಾದರೆ ಆ ಕಣಿವೆಯಲ್ಲಿ ಬೆಳಕೇ ಅರ್ಧ ಕೆಲಸ ಮಾಡುತ್ತದೆ. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಕಲ್ಲುಗಳೆಲ್ಲ ಚಪ್ಪಟೆಯಾಗಿ, ಒಂದರಲ್ಲೊಂದು ಕಲಸಿಹೋಗಿ ಕಾಣುತ್ತವೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿಗೆ ಪ್ರತಿಯೊಂದಕ್ಕೂ ತನ್ನದೇ ನೆರಳು ಬಿದ್ದು ಮೂಗು, ಕಣ್ಣು, ಗೂನು ಬೆನ್ನು ಎಲ್ಲ ಎದ್ದು ಬರುತ್ತವೆ. ತಿಪ್ಪಿಯವರೇ, ಅಕ್ಟೋಬರ್ ಕೊನೆ ಒಳ್ಳೆಯ ಕಾಲ. ಹಗಲು ಹಿತ, ರಾತ್ರಿ ಮಾತ್ರ ಶೂನ್ಯದ ಹತ್ತಿರಕ್ಕೆ ಇಳಿಯಬಹುದು. ಮೋಆಬ್‌ನಿಂದ ಮಧ್ಯಾಹ್ನ ಹೊರಟು, ಸಂಜೆ ಬಿಸಿಲಿನಲ್ಲಿ ಕಣಿವೆ ನೋಡಿ, ಕತ್ತಲಾದ ಮೇಲೆ ಹ್ಯಾಂಕ್ಸ್‌ವಿಲ್‌ಗೆ ಹೋಗಿ ಮಲಗಿ.

ಕಲ್ಲುಬಂಡೆ:
ಬಿಸಿಲುಕುದುರೆಯವರ ಬೇಸರಕ್ಕೆ ನನ್ನ ತಕರಾರಿಲ್ಲ, “ಗಾಳಿ ಕೆತ್ತಿದ” ಎಂಬುದಕ್ಕೆ ಇದೆ. ಗಾಳಿಗೆ ಅಷ್ಟು ಶ್ರೇಯ ಕೊಡಬೇಡಿ. ಅದು ಸಡಿಲವಾದ ಧೂಳನ್ನು ಗುಡಿಸಿಕೊಂಡು ಹೋಗುತ್ತದೆ, ಒಂದಿಷ್ಟು ಉಜ್ಜುತ್ತದೆ. ಮುಖ್ಯ ಕೆಲಸ ನೀರಿನದು, ಹಿಮದ್ದು.

ಆ ಕಲ್ಲಿನ ಹೆಸರು ಎಂಟ್ರಾಡಾ ಮರಳುಗಲ್ಲು. ಜುರಾಸಿಕ್ ಕಾಲದ್ದು, ಸುಮಾರು 17 ಕೋಟಿ ವರ್ಷ ಹಳೆಯದು. ಆಗ ಅಲ್ಲೊಂದು ಒಳನಾಡಿನ ಸಮುದ್ರವಿತ್ತು. ಅದರ ಅಂಚಿನಲ್ಲಿ ಉಬ್ಬರ ಇಳಿತದ ಬಯಲು, ಮರಳ ದಿಬ್ಬ. ಒಮ್ಮೆ ಮರಳು ಬಂದು ಕೂತಿತು, ಒಮ್ಮೆ ನುಣುಪು ಹೂಳು, ಒಮ್ಮೆ ಜೇಡಿ. ಹೀಗೆ ಗಟ್ಟಿ ಪದರ, ಮೆತ್ತನೆಯ ಪದರ ಒಂದರ ಮೇಲೊಂದು. ಮುಂದೆ ಈ ಹಾಸಿನಲ್ಲಿ ಅಡ್ಡಡ್ಡ, ಉದ್ದುದ್ದ ಬಿರುಕು ಬಿಟ್ಟು ಅದು ಚೌಕ ಚೌಕ ತುಂಡುಗಳಾಯಿತು. ಚೌಕದ ತುಂಡು ಗುಂಡಾಗಿದ್ದು ಹೇಗೆ? ಮೂಲೆಗೆ ಮೂರು ಕಡೆಯಿಂದ ಹೊಡೆತ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಹಾಗಾಗಿ ಮೂಲೆ ಮೊದಲು ಸವೆಯುತ್ತದೆ. ಅದರ ಕೆಳಗಿನ ಮೆತ್ತನೆಯ ಪದರ ಇನ್ನೂ ಬೇಗ ಕರಗಿ ಸೊಂಟ ಸಣ್ಣಗಾಗುತ್ತದೆ, ಮೇಲಿನ ಗಟ್ಟಿ ಪದರ ತಲೆಯಾಗಿ ಉಳಿಯುತ್ತದೆ. ಚಳಿಗಾಲದಲ್ಲಿ ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು.

ತಿರುಗಾಲ ತಿಪ್ಪಿ:
ಇದನ್ನು ಯಜಮಾನರಿಗೆ ಓದಿ ಹೇಳಿದೆ. “ಹಾಗಾದರೆ ಆರ್ಚಸ್‌ನ ಕಮಾನುಗಳೂ ಇದೇ ಕಲ್ಲಿನವೇ? ಹೌದಾದರೆ ನಾನು ಹೇಳಿದ್ದೇ ಸರಿ” ಎನ್ನುತ್ತಿದ್ದಾರೆ.

ಕಲ್ಲುಬಂಡೆ:
ಕಲ್ಲು ಅದೇ, ಎಂಟ್ರಾಡಾ. ಆದರೆ ಆರ್ಚಸ್‌ನಲ್ಲಿರುವುದು ಬಹುಪಾಲು ಮರಳ ದಿಬ್ಬಗಳಿಂದಾದ ದಪ್ಪನೆಯ, ಒಂದೇ ಸಮನಾದ ಪದರ. ಜೊತೆಗೆ ಅಲ್ಲಿ ನೆಲದಡಿಯಲ್ಲಿ ಉಪ್ಪಿನ ಹಾಸು ಇದೆ. ಅದು ಮೇಲಿನ ತೂಕಕ್ಕೆ ಜರುಗಿ, ಉಬ್ಬಿ, ಕುಸಿದು ಕಲ್ಲಿನಲ್ಲಿ ಸಮಾನಾಂತರ ಬಿರುಕುಗಳು ಎದ್ದವು. ಬಿರುಕುಗಳ ನಡುವೆ ಉಳಿದದ್ದು ತೆಳುವಾದ ಗೋಡೆ, ಗೋಡೆ ತೂತಾದರೆ ಕಮಾನು. ಅಂಥವು ಎರಡು ಸಾವಿರಕ್ಕೂ ಹೆಚ್ಚು ಇವೆ. ಗಾಬ್ಲಿನ್ ವ್ಯಾಲಿಯಲ್ಲಿ ಹೂಳು ಮತ್ತು ಜೇಡಿಯ ಪದರಗಳು ಹೆಚ್ಚು, ಆದ್ದರಿಂದ ಗೋಡೆ ನಿಲ್ಲಲಿಲ್ಲ, ಗುಂಡುಗಳು ಉಳಿದವು. ಒಂದೇ ಕಲ್ಲು ಎರಡು ಕಡೆ ಎರಡು ಥರ ಸವೆದಿರುವುದನ್ನು ಒಂದೇ ದಿನ ನೋಡಲು ಸಿಗುತ್ತದೆ. ನನ್ನ ಪ್ರಕಾರ ಎರಡನ್ನೂ ನೋಡಬೇಕಾದ ಕಾರಣವೇ ಅದು.

ಎರಡು ಮಕ್ಕಳ ತಾಯಿ:
ಅತ್ತೆಯವರ ಬಗ್ಗೆ ಯಾರೂ ಹೇಳಲಿಲ್ಲ. ಚಿಂತೆ ಬೇಡ. ವಾಹನ ನಿಲ್ದಾಣದ ಅಂಚಿನಲ್ಲೇ ನೋಟದ ಕಟ್ಟೆ ಇದೆ, ಮೇಲೆ ಮಾಡು, ಕೂರಲು ಮೇಜು ಬೆಂಚು. ಕಣಿವೆ ಇಡೀ ಕಣ್ಣೆದುರಿಗೆ ಹರಡಿಕೊಂಡಿರುತ್ತದೆ. ಅಲ್ಲಿಂದ ಕೆಳಗಿಳಿಯಲು ಮೆಟ್ಟಿಲುಗಳಿವೆ. ನನ್ನ ತಾಯಿ ಇಳಿಯಲಿಲ್ಲ, ಮೇಲೆ ಕುಳಿತೇ ನಮ್ಮೆಲ್ಲರಿಗಿಂತ ಹೆಚ್ಚು ನೋಡಿದರು. ಯಾವ ಕಲ್ಲಿನ ಹಿಂದೆ ಯಾವ ಮೊಮ್ಮಗು ಅಡಗಿದೆ ಎಂದು ಕೂಗಿ ಹೇಳಿ ಅವರ ಆಟ ಕೆಡಿಸುತ್ತಿದ್ದರು.

ಮಗನ ವಿಷಯದಲ್ಲಿ ಒಂದು ಎಚ್ಚರಿಕೆ. ಕಣಿವೆಯ ತಳದಲ್ಲಿ ಗುರುತು ಮಾಡಿದ ಹಾದಿ ಇಲ್ಲ, ಎಲ್ಲಿ ಬೇಕಾದರೂ ಓಡಾಡಬಹುದು. ಎಲ್ಲ ಕಲ್ಲೂ ಒಂದೇ ಥರ ಕಂಡು ದಿಕ್ಕು ತಪ್ಪುವುದು ಸುಲಭ. ಕೊರಳಿಗೆ ಒಂದು ಸೀಟಿ ಕಟ್ಟಿಬಿಡಿ. ಮೊಬೈಲ್ ಸಂಕೇತವನ್ನು ನಂಬಬೇಡಿ.

ಚಾರಣಿಗ:
ದೊಡ್ಡವರೂ ದಾರಿ ತಪ್ಪುತ್ತಾರೆ. ಇಳಿಯುವ ಮೊದಲು ಹಿಂತಿರುಗಿ ನೋಟದ ಕಟ್ಟೆಯ ಮಾಡನ್ನು ಗುರುತಿಟ್ಟುಕೊಳ್ಳಿ. ವೈಲ್ಡ್ ಹಾರ್ಸ್ ಬ್ಯೂಟ್ ಎಂಬ ಚಪ್ಪಟೆ ತಲೆಯ ಗುಡ್ಡ ದೂರದಿಂದಲೂ ಕಾಣುತ್ತದೆ, ಅದೂ ದಿಕ್ಕಿಗೆ ಆಗುತ್ತದೆ.

ಬಿಸಿಲುಕುದುರೆ:
ಹತ್ತುವ ಪ್ರಶ್ನೆಗೆ ಉತ್ತರ ಯಾರೂ ಕೊಡಲಿಲ್ಲ. ನಾನು ಹೋದಾಗ ಎಲ್ಲರೂ ಹತ್ತುತ್ತಿದ್ದರು. ಕಲ್ಲು ತಾನೇ, ಏನಾಗುತ್ತದೆ?

ಮುಂಗೋಪಿ:
ಏನಾಗುತ್ತದೆ ಎಂದು 2013ರಲ್ಲಿ ಜಗತ್ತೇ ನೋಡಿದೆ.

ತಿರುಗಾಲ ತಿಪ್ಪಿ:
2013ರಲ್ಲಿ ಏನಾಯಿತು?

ಚರಿತ್ರೆಪ್ರಿಯ:
ಆ ವರ್ಷ ಅಕ್ಟೋಬರ್‌ನಲ್ಲಿ ಹುಡುಗರ ಸ್ಕೌಟ್ ತಂಡವೊಂದನ್ನು ಕರೆದುಕೊಂಡು ಹೋಗಿದ್ದ ನಾಯಕರಲ್ಲಿ ಒಬ್ಬ, ಕಾಲೂರಿ ಮೈಭಾರ ಹಾಕಿ ಒಂದು ಗಾಬ್ಲಿನ್ ಕಲ್ಲಿನ ತಲೆಯನ್ನು ಉರುಳಿಸಿದ. ಇನ್ನೊಬ್ಬ ನಗುತ್ತ, ಹಾಡುತ್ತ ವಿಡಿಯೊ ತೆಗೆದ. ಬಿದ್ದ ಮೇಲೆ ಕೈ ತಟ್ಟಿ ಸಂಭ್ರಮ. ಆ ವಿಡಿಯೊವನ್ನು ಅವರೇ ಜಾಲದಲ್ಲಿ ಹಾಕಿದರು. ಸ್ಕೌಟ್ ಸಂಸ್ಥೆ ಅವರನ್ನು ಹೊರಗೆ ಹಾಕಿತು. ಮೊಕದ್ದಮೆ ನಡೆದು 2014ರಲ್ಲಿ ಇಬ್ಬರೂ ತಪ್ಪೊಪ್ಪಿಕೊಂಡರು. ಜೈಲು ತಪ್ಪಿತು, ದಂಡ ಮತ್ತು ಒಂದು ವರ್ಷದ ಪ್ರೊಬೇಷನ್, ಅಂದರೆ ಸನ್ನಡತೆಯ ನಿಗಾ, ಆಯಿತು.

ಬಿಸಿಲುಕುದುರೆ:
ಅವರು ಹೇಳಿದ್ದನ್ನೂ ಬರೆಯಿರಿ. ಕಲ್ಲು ಸಡಿಲವಾಗಿತ್ತು, ಕೆಳಗೆ ಓಡಾಡುವ ಮಕ್ಕಳ ಮೇಲೆ ಬೀಳಬಹುದು ಎಂದು ಉರುಳಿಸಿದೆವು ಎಂದರು. ಇವತ್ತೋ ನಾಳೆಯೋ ತಾನಾಗಿ ಬೀಳುವ ಕಲ್ಲಿಗೆ ಇಷ್ಟು ರಂಪ ಬೇಕಿತ್ತೇ?

ಮುಂಗೋಪಿ:
ಇವತ್ತೋ ನಾಳೆಯೋ ನಾವೂ ಹೋಗುವವರೇ. ಹಾಗೆಂದು ಯಾರಾದರೂ ನಮ್ಮನ್ನು ತಳ್ಳಿದರೆ ಪೊಲೀಸರು ಸುಮ್ಮನಿರುತ್ತಾರೆಯೇ?

ಎರಡು ಮಕ್ಕಳ ತಾಯಿ:
ಮಕ್ಕಳ ಸುರಕ್ಷತೆಯ ಚಿಂತೆ ಇದ್ದವರು ಪಹರೆಯ ಸಿಬ್ಬಂದಿಗೆ ಹೇಳುತ್ತಾರೆ. ವಿಡಿಯೊ ಮಾಡಿ ಕುಣಿಯುವುದಿಲ್ಲ.

ಕಲ್ಲುಬಂಡೆ:
ತಾನಾಗಿ ಬೀಳುತ್ತವೆ ಎಂಬುದು ನಿಜವೇ. ಆರ್ಚಸ್‌ನಲ್ಲಿ ವಾಲ್ ಆರ್ಚ್ 2008ರ ಆಗಸ್ಟ್‌ನಲ್ಲಿ ರಾತ್ರೋರಾತ್ರಿ ಕುಸಿಯಿತು. ಗ್ಲೆನ್ ಕ್ಯಾನ್ಯನ್‌ನಲ್ಲಿ ಡಬಲ್ ಆರ್ಚ್ 2024ರ ಆಗಸ್ಟ್‌ನಲ್ಲಿ ಬಿತ್ತು. ಯಾರ ಮೇಲೂ ಮೊಕದ್ದಮೆ ಇಲ್ಲ. ಆದರೆ “ನಾಳೆ” ಎಂಬುದು ಕಲ್ಲಿನ ಲೆಕ್ಕದಲ್ಲಿ ಸಾವಿರಾರು ವರ್ಷವೂ ಆಗಬಹುದು. ಅದನ್ನು ನಿಮ್ಮ ಕೈಗಡಿಯಾರದಲ್ಲಿ ಅಳೆಯಬೇಡಿ.

ಇನ್ನೊಂದು ಮಾತು. ಮಳೆ ಬಂದು ಒಂದೆರಡು ದಿನ ಮರಳುಗಲ್ಲು ಒಳಗೆ ಒದ್ದೆಯಾಗಿಯೇ ಇರುತ್ತದೆ. ಆಗ ಅದರ ಬಲ ತುಂಬ ಕಡಿಮೆ. ಮೇಲೆ ಒಣಗಿದಂತೆ ಕಂಡರೂ ಕಾಲಿಟ್ಟರೆ ಕಳಚಿಬರುತ್ತದೆ. ಆ ಪ್ರದೇಶದ ಬಂಡೆ ಏರುವವರು ಮಳೆಯಾದ ಮೇಲೆ ಮರಳುಗಲ್ಲನ್ನು ಮುಟ್ಟುವುದಿಲ್ಲ.

ಚಾರಣಿಗ:
ತಿಪ್ಪಿಯವರೇ, ಮಗುವಿನ ಪ್ರಶ್ನೆಗೆ ನೇರ ಉತ್ತರ: ಪ್ರವೇಶದ್ವಾರದಲ್ಲಿ ಕೇಳಿ, ಅವರು ಹೇಳಿದಂತೆ ಮಾಡಿ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಅಗಲವಾದ ಬುಡದ ದಿಬ್ಬದ ಮೇಲೆ ಹುಡುಗ ಕೂತರೆ ಏನೂ ಆಗುವುದಿಲ್ಲ. ಸಣ್ಣ ಕುತ್ತಿಗೆ, ದೊಡ್ಡ ತಲೆ ಇರುವುದರ ತಂಟೆಗೆ ಹೋಗಬಾರದು. ಅದರ ಕೆಳಗೂ ನಿಲ್ಲಬಾರದು.

ಇದರಲ್ಲಿ ಒಂದು ದೊಡ್ಡ ವಿಷಯ ಅಡಗಿದೆ, ಅದನ್ನು ಹೇಳಿಬಿಡುತ್ತೇನೆ. ಆರ್ಚಸ್‌ನಲ್ಲಿ ಹಾದಿ ಬಿಡಬೇಡಿ ಎನ್ನುತ್ತಾರೆ, ನಕ್ಷೆಯಲ್ಲಿ ಹೆಸರಿರುವ ಯಾವ ಕಮಾನನ್ನೂ ಹತ್ತುವಂತಿಲ್ಲ. ಲ್ಯಾಂಡ್‌ಸ್ಕೇಪ್ ಆರ್ಚ್‌ನಿಂದ 1991ರಲ್ಲಿ ದೊಡ್ಡ ಹಾಳೆಯಂಥ ತುಂಡು ಕಳಚಿಬಿದ್ದ ಮೇಲೆ ಅದರ ಕೆಳಗಿನ ಹಾದಿಯನ್ನೇ ಮುಚ್ಚಿದರು. ಗಾಬ್ಲಿನ್ ವ್ಯಾಲಿಯಲ್ಲಿ ಬೇಲಿ ಇಲ್ಲ, ಹಗ್ಗ ಇಲ್ಲ. ಸಾವಿರಾರು ಕಲ್ಲುಗಳ ನಡುವೆ ನಿಮ್ಮಷ್ಟಕ್ಕೆ ನೀವು ಅಲೆಯಬಹುದು. ಅಷ್ಟು ವಿಚಿತ್ರವಾದ, ಅಷ್ಟು ಮೆತ್ತಗಿನ ಜಾಗಕ್ಕೆ ಜನರನ್ನು ಹೀಗೆ ಬಿಡುವುದು ನನ್ನ ಮಟ್ಟಿಗೆ ಆಶ್ಚರ್ಯವೇ. ನನಗೆ ಆ ಕಲ್ಲುಗಳಿಗಿಂತ ಈ ಸಲುಗೆ ದೊಡ್ಡದು. 2013ರ ಥರದ್ದು ಇನ್ನು ನಾಲ್ಕು ನಡೆದರೆ ಹಗ್ಗ ಕಟ್ಟಲು ಎಷ್ಟು ಹೊತ್ತು?

ಬಿಸಿಲುಕುದುರೆ:
ನಾನು ಹಗ್ಗ ಕಟ್ಟಲಿ ಎನ್ನುವವನು. ಸಲುಗೆ ಕೊಟ್ಟರೆ ತಲೆಯ ಮೇಲೆ ಹತ್ತುವವರು ಇದ್ದೇ ಇರುತ್ತಾರೆ. ಇಲ್ಲಿ ಅಕ್ಷರಶಃ.

ಚಾರಣಿಗ:
ಸ್ವಲ್ಪ ಹೊತ್ತಿನ ಹಿಂದೆ “ಕಲ್ಲು ತಾನೇ” ಎಂದವರು ನೀವೇ ಅಲ್ಲವೇ?

ಬಿಸಿಲುಕುದುರೆ:
ಕಲ್ಲು ತಾನೇ ಎಂದೆ. ಜನ ಒಳ್ಳೆಯವರು ಎನ್ನಲಿಲ್ಲ.

ಚರಿತ್ರೆಪ್ರಿಯ:
ಇದು ಉದ್ಯಾನವಾಗಿದ್ದೂ ಇಂಥದೇ ಭಯದಿಂದ. 1920ರ ದಶಕದ ಕೊನೆಯಲ್ಲಿ ಆರ್ಥರ್ ಚಾಫಿನ್ ಎಂಬವರು ಇಬ್ಬರು ಜೊತೆಗಾರರೊಂದಿಗೆ ಗ್ರೀನ್ ರಿವರ್‌ಗೂ ಕೇನ್‌ವಿಲ್‌ಗೂ ನಡುವೆ ಬೇರೆ ದಾರಿ ಹುಡುಕುತ್ತಿದ್ದಾಗ ಈ ಕಣಿವೆ ಕಣ್ಣಿಗೆ ಬಿತ್ತು. ಚಾಫಿನ್ ಮುಂದೆ ಕೊಲರಾಡೊ ನದಿಯಲ್ಲಿ ಹೈಟ್ ದೋಣಿಕಟ್ಟೆ ನಡೆಸಿದವರು. 1949ರಲ್ಲಿ ಮತ್ತೆ ಬಂದು ಕೆಲವು ದಿನ ಇದ್ದು ಚಿತ್ರ ತೆಗೆದರು. ಅಣಬೆ ಕಣಿವೆ ಎಂದು ಕರೆದರು. ಸುದ್ದಿ ಹರಡಿ, ದೂರದ ಜಾಗವಾದರೂ ಜನ ಬರತೊಡಗಿದರು. ಕಲ್ಲುಗಳನ್ನು ಕಾಪಾಡಬೇಕೆಂಬ ಕೂಗೆದ್ದು, ಕೊನೆಗೆ ರಾಜ್ಯ ಸರ್ಕಾರ ಜಾಗ ಪಡೆದು 1964ರಲ್ಲಿ ರಾಜ್ಯ ಉದ್ಯಾನ ಮಾಡಿತು.

ಕಲ್ಲುಬಂಡೆ:
ಅವರಿಗಿಂತ ಬಹಳ ಹಿಂದೆಯೇ ಅಲ್ಲಿ ಜನ ಓಡಾಡಿದ್ದಾರೆ ಎಂಬುದನ್ನೂ ಸೇರಿಸಿ. ಉದ್ಯಾನಕ್ಕೆ ತಿರುಗುವ ಟೆಂಪಲ್ ಮೌಂಟನ್ ರಸ್ತೆಯಲ್ಲೇ ನೇರ ಮುಂದೆ ಹೋದರೆ ಕಣಿವೆಯ ಗೋಡೆಯ ಮೇಲೆ ಆದಿನಿವಾಸಿಗಳ ಚಿತ್ರಗಳಿವೆ. ಆ ಬೆಟ್ಟದಲ್ಲಿ ಆಮೇಲೆ ಯುರೇನಿಯಂ ಗಣಿಗಳೂ ನಡೆದವು. ಹಳೆಯ ಗಣಿಬಾಯಿಗಳ ಒಳಗೆ ಇಣುಕಬೇಡಿ.

ತಿರುಗಾಲ ತಿಪ್ಪಿ:
ಎಲ್ಲರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ತೆಗೆದುಕೊಳ್ಳುತ್ತಿದ್ದೇವೆ, ಇಲ್ಲೂ ನಡೆಯುತ್ತದೆಯೇ? ಪಕ್ಕದಲ್ಲಿ ಲಿಟಲ್ ವೈಲ್ಡ್ ಹಾರ್ಸ್ ಎಂಬ ಕಿರುಕಣಿವೆ ಇದೆಯಂತೆ, ಮಗನೊಂದಿಗೆ ಹೋಗಬಹುದೇ?

ಹೆದ್ದಾರಿ 24:
ನಡೆಯುವುದಿಲ್ಲ. ಆ ಪಾಸ್ ಕೇಂದ್ರ ಸರ್ಕಾರದ್ದು, ಇದು ರಾಜ್ಯದ ಉದ್ಯಾನ. ಬೇರೆ ಶುಲ್ಕ ಕೊಡಬೇಕು, ವಾಹನದ ಲೆಕ್ಕದಲ್ಲಿ. ದ್ವಾರದಲ್ಲಿ ಪಾಸ್ ಬೀಸಿ ಜಗಳಕ್ಕಿಳಿಯುವವರನ್ನು ನೋಡಿದ್ದೇನೆ. ಪಾಪ, ಒಳಗೆ ಕುಳಿತ ಹುಡುಗಿ ಎಷ್ಟು ಸಲ ಅದೇ ಮಾತು ಹೇಳಬೇಕು!

ಚಾರಣಿಗ:
ಲಿಟಲ್ ವೈಲ್ಡ್ ಹಾರ್ಸ್ ಉದ್ಯಾನದ ಹೊರಗೆ, ಪಶ್ಚಿಮಕ್ಕೆ ಕೆಲವೇ ಮೈಲಿ. ಅದರ ಕಲ್ಲು ಬೇರೆ, ನವಾಹೋ ಮತ್ತು ವಿಂಗೇಟ್ ಮರಳುಗಲ್ಲು, ಎಂಟ್ರಾಡಾಕ್ಕಿಂತ ಹಳೆಯದು. ಎರಡು ಗೋಡೆಗಳ ನಡುವೆ ಕೆಲವು ಕಡೆ ಮೈ ಓರೆ ಮಾಡಿಯೇ ನುಸುಳಬೇಕು. ಬೆಲ್ ಕ್ಯಾನ್ಯನ್ ಸೇರಿಸಿ ಪೂರ್ತಿ ಸುತ್ತಿದರೆ ಸುಮಾರು ಎಂಟು ಮೈಲಿ, ಎಂಟು ವರ್ಷದವನಿಗೆ ಹೆಚ್ಚಾಯಿತು. ಕಿರಿದಾದ ಭಾಗ ನೋಡಿ ಬಂದ ದಾರಿಯಲ್ಲೇ ಹಿಂತಿರುಗಿದರೆ ಸಾಕು, ಚೆಲುವೆಲ್ಲ ಅಲ್ಲೇ ಇರುವುದು. ಅತ್ತೆಯವರಿಗೆ ಖಂಡಿತ ಬೇಡ.

ಮಳೆಯ ಮುನ್ಸೂಚನೆ ಇದ್ದರೆ ಆ ಕಡೆ ತಲೆ ಹಾಕಬೇಡಿ. ನಿಮ್ಮ ತಲೆಯ ಮೇಲೆ ನೀಲಿ ಆಕಾಶ ಇದ್ದರೂ ಮೇಲ್ಭಾಗದಲ್ಲೆಲ್ಲೋ ಸುರಿದ ಮಳೆ ಒಮ್ಮೆಲೇ ನುಗ್ಗಿಬರುತ್ತದೆ. ಇದೇ ಯೂಟಾದ ಜಿಯಾನ್ ಉದ್ಯಾನದ ಕೀಹೋಲ್ ಕ್ಯಾನ್ಯನ್‌ನಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ಹೀಗೆ ಬಂದ ನೀರಿಗೆ ಏಳು ಜನ ಸತ್ತರು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಭಯ ಹೆಚ್ಚು, ಉಳಿದ ತಿಂಗಳು ಇಲ್ಲವೆಂದಲ್ಲ.

ಅರ್ಧರಾತ್ರಿ ಗೂಬೆ:
ಕಲ್ಲಿನ ಜಗಳದಲ್ಲಿ ಆಕಾಶವನ್ನೇ ಮರೆತಿರಿ. 2016ರಲ್ಲಿ ಈ ಉದ್ಯಾನಕ್ಕೆ ಅಂತರರಾಷ್ಟ್ರೀಯ ಕತ್ತಲಾಕಾಶದ ಮಾನ್ಯತೆ ಸಿಕ್ಕಿದೆ. ದೊಡ್ಡ ಊರುಗಳೆಲ್ಲ ದೂರ, ಅಮಾವಾಸ್ಯೆಯ ರಾತ್ರಿ ಕ್ಷೀರಪಥ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಕತ್ತಲಾದೊಡನೆ ಹೊರಟುಬಿಡಿ ಎಂದು ಚಾರಣಿಗರು ಹೇಳುವುದು ಅನ್ಯಾಯ. ಒಳಗೆ ಬಿಡಾರದ ಜಾಗವಿದೆ, ಯರ್ಟ್ ಎಂಬ ಎರಡು ದುಂಡನೆಯ ಗುಡಾರಗಳೂ ಇವೆ. ಬಹಳ ಮೊದಲೇ ಕಾದಿರಿಸಬೇಕು.

ಎರಡು ಮಕ್ಕಳ ತಾಯಿ:
ನಾನು ಹುಣ್ಣಿಮೆಯ ಪಕ್ಷ. ಬೆಳದಿಂಗಳಲ್ಲಿ ಆ ಕಲ್ಲುಗಳು ಹೆಜ್ಜೆ ಹಾಕುತ್ತಿವೆಯೇನೋ ಅನ್ನಿಸುತ್ತದೆ.

ಅರ್ಧರಾತ್ರಿ ಗೂಬೆ:
ಹುಣ್ಣಿಮೆಗೆ ನಕ್ಷತ್ರ ನೋಡಲು ಹೋಗುವುದು ಮದುವೆಮನೆಯಲ್ಲಿ ಮೌನವ್ರತ ಹಿಡಿದಂತೆ.

ಎರಡು ಮಕ್ಕಳ ತಾಯಿ:
ನಕ್ಷತ್ರ ನೋಡಲು ಹೋಗುತ್ತೇನೆ ಎಂದು ನಾನು ಎಲ್ಲಿ ಹೇಳಿದೆ? ಮಕ್ಕಳು ಟಾರ್ಚ್ ಇಲ್ಲದೆ ನಡೆಯುತ್ತಾರೆ, ಅದು ನನಗೆ ಮುಖ್ಯ.

ಮುಂಗೋಪಿ:
ಹ್ಯಾಂಕ್ಸ್‌ವಿಲ್‌ಗೆ ಹೋದರೆ ಬಂಡೆಯೊಳಗೆ ಕೊರೆದು ಮಾಡಿದ ಅಂಗಡಿಯಿರುವ ಪೆಟ್ರೋಲ್ ಬಂಕ್ ನೋಡಿ. ಇಡೀ ಪ್ರವಾಸದಲ್ಲಿ ನನಗೆ ತಂಪಾಗಿದ್ದು ಅಲ್ಲಿ ಮಾತ್ರ.

ಕಲ್ಲುಬಂಡೆ:
ಹ್ಯಾಂಕ್ಸ್‌ವಿಲ್ ಸುತ್ತಮುತ್ತ ಮಂಗಳ ಗ್ರಹದ ನೆಲದಂತೆಯೇ ಇದೆ. ಊರಿನ ಹತ್ತಿರ ಮಂಗಳಯಾನದ ಅಭ್ಯಾಸಕ್ಕೆಂದು ಮಾರ್ಸ್ ಸೊಸೈಟಿಯವರು ಕಟ್ಟಿದ ಸಂಶೋಧನಾ ನೆಲೆಯೇ ಇದೆ. ಅಂತರಿಕ್ಷ ಉಡುಪು ಹಾಕಿಕೊಂಡು ಹೊರಗೆ ಓಡಾಡುತ್ತಾರೆ. ಬಾಗಿಲು ಬಡಿದು ಒಳಗೆ ಹೋಗುವ ಜಾಗವಲ್ಲ, ದೂರದಿಂದ ನೋಡಿ.

ಬಿಸಿಲುಕುದುರೆ:
ಮಂಗಳಕ್ಕೂ ಜುಲೈ ಮಧ್ಯಾಹ್ನ ಹೋಗಬಾರದೇ?

ಹೆದ್ದಾರಿ 24:
ಗ್ರೀನ್ ರಿವರ್ ಕರ್ಬೂಜಕ್ಕೆ ಹೆಸರಾದ ಊರು. ಅಕ್ಟೋಬರ್ ಕೊನೆಗೆ ಸುಗ್ಗಿ ಮುಗಿದಿರುತ್ತದೆ, ಆಸೆ ಇಟ್ಟುಕೊಳ್ಳಬೇಡಿ. ಸೆಪ್ಟೆಂಬರ್‌ನಲ್ಲಿ ಹೋಗುವವರು ಬಿಡಬೇಡಿ.

ತಿರುಗಾಲ ತಿಪ್ಪಿ:
ಯಜಮಾನರು ಒಪ್ಪಿದರು. ಕಲ್ಲಿಗಾಗಿ ಅಲ್ಲವಂತೆ, ಬಂಡೆಯೊಳಗಿನ ಪೆಟ್ರೋಲ್ ಬಂಕ್‌ಗಾಗಿ. ಯಾವುದಾದರೂ ಆಗಲಿ. ಸಂಜೆ ಕಣಿವೆ, ರಾತ್ರಿ ಹ್ಯಾಂಕ್ಸ್‌ವಿಲ್, ಮರುದಿನ ಮಳೆ ಇಲ್ಲದಿದ್ದರೆ ನಾನೂ ಮಗನೂ ಕಿರುಕಣಿವೆಗೆ. ಆಗ ಅತ್ತೆಯ ಜೊತೆ ಅವರು ಇರುತ್ತಾರೆ.

ನಾಯಿಯ ಯಜಮಾನ:
ತಡವಾಗಿ ಬಂದೆ. ನಮ್ಮದು ನಾಯಿಯ ಜೊತೆ ಪ್ರವಾಸ. ಆರ್ಚಸ್‌ನಲ್ಲಿ ಹಾದಿಗಳಿಗೆ ನಾಯಿಯನ್ನು ಬಿಡುವುದಿಲ್ಲ ಎಂದರು. ಇಲ್ಲಿ?

ಚಾರಣಿಗ:
ಹಗ್ಗದಲ್ಲಿ ಹಿಡಿದಿದ್ದರೆ ಬಿಡುತ್ತಾರೆ. ಬಿಸಿಲಿಗೆ ನೆಲ ಕಾದು ಪಾದ ಸುಡುತ್ತದೆ, ನಿಮ್ಮ ಅಂಗೈ ಇಟ್ಟು ನೋಡಿ ಇಳಿಸಿ. ಅದರ ಕುಡಿಯುವ ನೀರನ್ನೂ ಬೇರೆಯಾಗಿ ಹೊತ್ತುಕೊಳ್ಳಿ.

ಬಿಸಿಲುಕುದುರೆ:
ನೋಡಿದಿರಾ? ನಾಯಿಗೆ ಹಗ್ಗ, ಮನುಷ್ಯರಿಗೆ ಸಲುಗೆ.

ಮುಂಗೋಪಿ:
ನಾಯಿ ಇದುವರೆಗೆ ಯಾವ ಕಲ್ಲನ್ನೂ ಉರುಳಿಸಿಲ್ಲ. ಈ ಮಾತಿಗೆ ಮಾತ್ರ ನಾನು ನಿಮ್ಮ ಪಕ್ಷ.